ಸೊಸೆ ಊರಿಗೆ ಹೋದ ತಿಂಗಳು

ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಪರಿಚಯದ ಮನೆಯೊಂದಿದೆ. ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷದಿಂದ ಸೊಸೆಯೇ ನೋಡಿಕೊಂಡಿದ್ದಾರೆ. ಮೈ ಒರೆಸುವುದು, ಗಂಜಿ ಕುಡಿಸುವುದು, ಹೊತ್ತುಹೊತ್ತಿಗೆ ಮಾತ್ರೆ, ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸುವುದು. ತಾಯಿಗೆ ಹುಷಾರಿಲ್ಲವೆಂದು ಆಕೆ ಒಂದು ತಿಂಗಳು ತವರಿಗೆ ಹೋದರು. ಏಜೆನ್ಸಿಯಿಂದ ಇಬ್ಬರು ಹೋಮ್ ನರ್ಸ್ ಬಂದರು, ಹಗಲಿಗೊಬ್ಬರು, ರಾತ್ರಿಗೊಬ್ಬರು. ಅಡುಗೆಗೆ ಇನ್ನೊಬ್ಬರು. "ನನ್ನ ಸಂಬಳದ ಅರ್ಧಕ್ಕೆ ಬಂತು ಸಾರ್" ಎಂದರು ಮಗ, ಬಿಲ್ಲು ಕೈಯಲ್ಲಿ ಹಿಡಿದು.

ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ಈ ವಿಚಿತ್ರವನ್ನು ಎತ್ತಿ ತೋರಿಸಿದ್ದರು: ಸಂಬಳದ ಮನೆಗೆಲಸದಾಕೆಯನ್ನು ಯಜಮಾನ ಮದುವೆಯಾದರೆ ರಾಷ್ಟ್ರೀಯ ಆದಾಯ ಕುಗ್ಗುತ್ತದೆ. ಕೆಲಸವೂ ಅದೇ, ಕೈಯೂ ಅದೇ. ಆ ತಿಂಗಳು ಜಯನಗರದ ಆರೈಕೆ ಜಿಡಿಪಿಗೆ ಸೇರಿತು. ಸೊಸೆ ವಾಪಸಾದ ದಿನ ಬಿಟ್ಟುಹೋಯಿತು.

ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟುವ ಕೆಲಸ ನಮ್ಮಲ್ಲಿ ನ್ಯಾಯಾಲಯಗಳ ಪಾಲಿಗೆ ಬಂದಿದೆ, ಅದೂ ಆಕೆ ಅಪಘಾತದಲ್ಲಿ ತೀರಿಕೊಂಡ ಮೇಲೆ. ಮೋಟಾರು ವಾಹನ ಕಾಯ್ದೆಯ ಎರಡನೇ ಅನುಸೂಚಿ ಆಕೆಯ ಆದಾಯವನ್ನು ಗಂಡನ ಗಳಿಕೆಯ ಮೂರನೇ ಒಂದು ಭಾಗವೆಂದು ಎಣಿಸುತ್ತಿತ್ತು. ಅಂದರೆ ಬ್ಯಾಂಕ್ ಅಧಿಕಾರಿಯ ಹೆಂಡತಿ ಮಾಡಿದ ಸಾರಿಗೊಂದು ಬೆಲೆ, ಆಟೋ ಓಡಿಸುವವರ ಹೆಂಡತಿ ಮಾಡಿದ್ದಕ್ಕೆ ಇನ್ನೊಂದು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2001ರ ಜನಗಣತಿ ಸುಮಾರು 36 ಕೋಟಿ ಹೆಂಗಸರನ್ನು 'ಕೆಲಸ ಮಾಡದವರು' ಎಂದು ಭಿಕ್ಷುಕರ, ಕೈದಿಗಳ ಸಾಲಿಗೆ ಸೇರಿಸಿದ್ದನ್ನು 2010ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಕಟುವಾಗಿ ಟೀಕಿಸಿದರು. 2021ರ ಜನವರಿಯಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಸಮಯ ಬಳಕೆ ಸಮೀಕ್ಷೆಯ ಅಂಕಿಗಳನ್ನೇ ತೀರ್ಪಿನಲ್ಲಿ ಬರೆದರು: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಜನಗಣತಿಯವರು ಬಾಗಿಲಿಗೆ ಬಂದಾಗ "ಅವಳು ಮನೇಲೇ ಇರ್ತಾಳೆ" ಎಂದು ಹೇಳುವವರು ಈ 97 ನಿಮಿಷದ ನಾವೇ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯನ್ನು ಬಿಟ್ಟಿ ದುಡ್ಡು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತಿಂಗಳಿಗೆ 2,000 ರೂಪಾಯಿ. ಆ 299 ನಿಮಿಷಕ್ಕೆ ಹಂಚಿದರೆ ಗಂಟೆಗೆ 13 ರೂಪಾಯಿ ಚಿಲ್ಲರೆ. ಅದು ಸಂಬಳವಲ್ಲ ನಿಜ, ಆದರೆ ಮನೆಯೊಡತಿಯ ಹೆಸರಿನ ಖಾತೆಗೇ ಬರುವ ದುಡ್ಡು.

ಬೆಳಿಗ್ಗೆ ರಾಗಿಗುಡ್ಡದ ಸ್ಲಂ ಬೋರ್ಡ್ ಮನೆಗಳಿಂದ ಜೆ.ಪಿ. ನಗರದ ಬೀದಿಗಳಿಗೆ ಕೆಲಸಕ್ಕೆ ಹೊರಡುವ ಹೆಂಗಸರು ಅಷ್ಟರಲ್ಲಿ ತಮ್ಮ ಮನೆಯ ಕಸಮುಸುರೆ ಮುಗಿಸಿರುತ್ತಾರೆ. 2004ರಲ್ಲೇ ಕರ್ನಾಟಕ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದೆ. ಮೂರು ಮನೆಯ ಪಾತ್ರೆಗೆ ಅದು ಅನ್ವಯಿಸುತ್ತದೆ, ಮೊದಲು ತೊಳೆದ ಪಾತ್ರೆಗಲ್ಲ.

ನಾಲ್ಕನೇ ಟಿ ಬ್ಲಾಕಿಗೆ ಸೊಸೆ ಮರಳಿದ್ದಾರೆ. ಏಜೆನ್ಸಿಯವರನ್ನು ಬಿಡಿಸಿದ್ದಾಯಿತು. ರಾತ್ರಿ ಅಮ್ಮನ ಮಗ್ಗುಲು ಬದಲಿಸಲು ಈಗ ಒಂದು ಸಲ ಮಗ ಏಳುತ್ತಾರಂತೆ.