ಕಾಯ್ದೆ ಊರಿಗೆ, ವಿನಾಯಿತಿ ತಮಗೆ

ಅಮೆರಿಕದ ಸಂಸತ್ತಿನ ನೌಕರರಿಗೂ ಉಳಿದ ದುಡಿಯುವವರಂತೆ ಕಾನೂನಿನ ಪೂರ್ತಿ ರಕ್ಷಣೆ ಕೊಡಿ ಎಂದರೆ ಸಾಕು, ‘ಅಧಿಕಾರ ವಿಭಜನೆ’ಯ ಮಂತ್ರಪಠಣ ಶುರುವಾಗುತ್ತದೆ. ಸರ್ಕಾರದ ಇನ್ಸ್‌ಪೆಕ್ಟರ್ ಸಂಸದರ ಕಚೇರಿಯ ಓವರ್‌ಟೈಮ್ ಲೆಕ್ಕ ನೋಡಿದರೆ ಸಂವಿಧಾನವೇ ಕುಸಿಯುತ್ತದಂತೆ! ಅಂಗಡಿಯವನ ಲೆಕ್ಕ ತಡಕುವಾಗ ಮಾತ್ರ ಅದಕ್ಕೆ ಒಂದು ಬಿರುಕೂ ಬೀಳುವುದಿಲ್ಲ.

ಕನಿಷ್ಠ ಕೂಲಿಯ ಕಾಯ್ದೆ 1938ರದು. ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸಿದ್ದು 1964ರಲ್ಲಿ, ಕೆಲಸದ ಜಾಗದ ಸುರಕ್ಷತೆಯ ಕಾಯ್ದೆ ಬಂದದ್ದು 1970ರಲ್ಲಿ. ಇವೆಲ್ಲ ಕೋರ್ಟಿಗೆ ಹೋಗುವ ಹಕ್ಕಿನ ಸಮೇತ, ಬರೆದವರ ಹೊಸ್ತಿಲು ದಾಟಲು 1995 ಬರಬೇಕಾಯಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಲೂಯಿಸಿಯಾನದ ಓಟೋ ಪಾಸ್‌ಮನ್ ಎಂಬ ಸಂಸದ 1974ರಲ್ಲಿ ತನ್ನ ಸಹಾಯಕಿಗೆ ಪತ್ರ ಬರೆದ. ಆಕೆ ಸಮರ್ಥೆ, ಶ್ರಮಜೀವಿ ಎಂದೆಲ್ಲ ಹೊಗಳಿ, ಆ ಹುದ್ದೆಗೆ ಗಂಡಸೇ ಬೇಕು ಎಂದು ಅದೇ ಪತ್ರದಲ್ಲಿ ಮನೆಗೆ ಕಳಿಸಿದ. ಅವನದೇ ಸಭೆ ಪಾಸು ಮಾಡಿದ್ದ 1964ರ ಕಾಯ್ದೆ ಆಕೆಯ ನೆರವಿಗೆ ಬರಲಿಲ್ಲ. ದಾವೆ ಹೂಡುವ ಹಕ್ಕಿದೆ ಎಂದು ಹೇಳಿಸಿಕೊಳ್ಳಲಿಕ್ಕೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ತೀರ್ಪು ಬಂದದ್ದು 1979ರಲ್ಲಿ.

1995ರ ಕಾಯ್ದೆಯಾದರೂ ಎಂಥದ್ದಾಗಿತ್ತು? ನೊಂದವರಿಗೆ 30 ದಿನ ಕೌನ್ಸೆಲಿಂಗ್, 30 ದಿನ ಸಂಧಾನ, ಮೇಲೆ ಇನ್ನೊಂದು 30 ದಿನ ಸುಮ್ಮನೆ ಕಾಯುವ ಶಿಕ್ಷೆಯಿತ್ತು. ಆರೋಪ ಹೊತ್ತ ಕಚೇರಿಗೋ ಸರ್ಕಾರಿ ಖರ್ಚಿನ ವಕೀಲರು. 1997ರಿಂದ 2017ರವರೆಗೆ ನಾನಾ ಬಗೆಯ ತಕರಾರುಗಳ 264 ಇತ್ಯರ್ಥಗಳಿಗೆ ಖಜಾನೆಯಿಂದ ಹೋದದ್ದು 1.7 ಕೋಟಿ ಡಾಲರಿಗೂ ಹೆಚ್ಚು. ತಪ್ಪು ಸಾಹೇಬರ ಕಚೇರಿಯದು, ದಂಡ ತೆರಿಗೆದಾರನದು!

‘2018ರ ತಿದ್ದುಪಡಿಯಲ್ಲಿ ಎಲ್ಲ ಸರಿಮಾಡಿದ್ದೇವಲ್ಲ’ ಎನ್ನುತ್ತಾರೆ ಸಂಸದರು. ಏನು ಸರಿಯಾಯಿತು? ಕಿರುಕುಳ ಕೊಟ್ಟ ಸಂಸದ ಈಗ ಪರಿಹಾರವನ್ನು ತನ್ನ ಜೇಬಿನಿಂದ ತೆರಬೇಕು, ನಿಜ. ಆದರೆ ಮೈಬಣ್ಣ ನೋಡಿ ಕೆಲಸದಿಂದ ತೆಗೆದರೆ ಆ ತಿದ್ದುಪಡಿಯ ಪ್ರಕಾರ ಬಿಲ್ಲು ಜನರ ಹೆಸರಿಗೇ. ಅಕ್ರಮ ಬಯಲಿಗೆಳೆಯುವ ಕಾರ್ಯಾಂಗದ ನೌಕರರಿಗೆ 1989ರಿಂದ ಕಾನೂನಿನ ಆಸರೆಯಿದೆ. ಸಂಸದರ ಕಚೇರಿಯ ಗುಮಾಸ್ತರಿಗೆ ಅದೂ ಇಲ್ಲ. ಕೊಡಿ ಎಂದು ಸಂಸತ್ತಿನದೇ ಉದ್ಯೋಗ ಹಕ್ಕುಗಳ ಕಚೇರಿ ವರದಿಯ ಮೇಲೆ ವರದಿ ಬರೆಯುತ್ತಿದೆ. ಓದುವವರು ಯಾರು? ಸಂಘ ಕಟ್ಟುವ ಹಕ್ಕಿನ ನಿಯಮಗಳಿಗೆ ಕೆಳಮನೆ ಒಪ್ಪಿದ್ದೇ 2022ರ ಮೇನಲ್ಲಿ. 2023ರ ಜನವರಿಯಲ್ಲಿ ಬಹುಮತ ಬದಲಾದ ಕೂಡಲೇ ಅದಕ್ಕೂ ಕತ್ತರಿ.

ಅಂದಹಾಗೆ, ದಶಕಗಳ ಕಾಲ ಬಿಟ್ಟಿ ದುಡಿಸಿಕೊಂಡ ಇಂಟರ್ನ್‌ಗಳ ಕಥೆ ಏನು? ವಾಷಿಂಗ್ಟನ್ನಿನ ಬಾಡಿಗೆ ಕಟ್ಟಲು ಅಪ್ಪನ ದುಡ್ಡಿದ್ದವರ ಮಕ್ಕಳಷ್ಟೇ ಆ ಬಾಗಿಲು ಹೊಕ್ಕರು. ಬಡವರ ಬವಣೆ ಕುರಿತ ಭಾಷಣಗಳನ್ನೂ ಅವರೇ ಬರೆದಿರಬೇಕು!

ಪ್ರತಿಯೊಬ್ಬ ಸಂಸದನಿಗೂ ನಿಷ್ಠಾವಂತ ಸಿಬ್ಬಂದಿ ಬೇಕು ಎಂಬ ವಾದವೂ ಸಾಕು. ನಿಷ್ಠೆ ಕೇಳಿ, ಬೇಡ ಎಂದವರಿಲ್ಲ, ಗುಲಾಮಗಿರಿ ಕೇಳಬೇಡಿ. ಅಕ್ರಮ ಬಯಲಿಗೆಳೆಯುವವರ ರಕ್ಷಣೆಯ ಕಾಯ್ದೆ ನಿಮ್ಮ ಕಚೇರಿಗೂ ಬರಲಿ, ತಾರತಮ್ಯದ ಪರಿಹಾರವೂ ನಿಮ್ಮ ಜೇಬಿನಿಂದಲೇ ಹೋಗಲಿ. 1.7 ಕೋಟಿ ಡಾಲರ್ ತೆತ್ತ ಜನ ಇಷ್ಟು ಕೇಳಿದರೆ ದುಬಾರಿಯಾಯಿತೇ?