ಸತ್ತ ಮೇಲೆ ನೂರಕ್ಕೆ ನೂರು

ಗಿರಣಿಯ ಯಂತ್ರಕ್ಕೆ ಬೆರಳು ಕೊಟ್ಟು ಪರಿಹಾರದ ಅರ್ಜಿ ಹಾಕಿದವನಿಗೆ 'ನೂರಕ್ಕೆ ಇಷ್ಟು ಅಂಗನಷ್ಟ' ಎಂಬ ಲೆಕ್ಕವನ್ನು ಯಾರೂ ವಿವರಿಸಬೇಕಾಗಿಲ್ಲ. ಅಮೆರಿಕೆಯ ಸರ್ಕಾರವೂ ತನ್ನ ಮಾಜಿ ಸೈನಿಕರನ್ನು ಇದೇ ತಕ್ಕಡಿಯಲ್ಲಿ ತೂಗುತ್ತದೆ. ಮನಸ್ಸಿಗಾದ ಗಾಯವನ್ನೂ ಬಿಡುವುದಿಲ್ಲ.

ಕ್ಲೇ ಹಂಟ್ ಎಂಬ ತರುಣ ಇರಾಕಿನಲ್ಲಿಯೂ ಆಫ್ಘಾನಿಸ್ತಾನದಲ್ಲಿಯೂ ಕಾದಾಡಿ ಬಂದವನು. 2007ರಲ್ಲಿ ಇರಾಕಿನಲ್ಲಿ ಗುಂಡೇಟು ತಿಂದವನು. ಊರಿಗೆ ಮರಳಿದ ಮೇಲೆ ಮನಸ್ಸು ನೆಲೆಗೊಳ್ಳಲಿಲ್ಲ. ಮಾಜಿ ಸೈನಿಕರ ಇಲಾಖೆ ಅವನ ನಷ್ಟ ನೂರಕ್ಕೆ ಮೂವತ್ತು ಎಂದಿತು. ಮೇಲ್ಮನವಿ ಸಲ್ಲಿಸಿದರೆ ಕಾಗದಪತ್ರಗಳನ್ನೇ ಕಳೆದುಹಾಕಿತು. 2011ರ ಮಾರ್ಚಿಯಲ್ಲಿ, 28ನೆಯ ವಯಸ್ಸಿನಲ್ಲಿ, ಆತ ತನ್ನ ಪ್ರಾಣ ಕಳೆದುಕೊಂಡ. ಐದು ವಾರಗಳ ತರುವಾಯ ಮೇಲ್ಮನವಿಯ ತೀರ್ಮಾನ ಬಂತು: ನೂರಕ್ಕೆ ನೂರು! ಅರ್ಜಿ ಹಾಕಿ ಆಗಲೇ ಹದಿನೆಂಟು ತಿಂಗಳಾಗಿತ್ತು. ಹೆತ್ತ ತಾಯಿಯೇ 2014ರಲ್ಲಿ ಅಲ್ಲಿಯ ಶಾಸನಸಭೆಯ ಸಮಿತಿಯ ಮುಂದೆ ಈ ಸಂಗತಿಯನ್ನು ಹೇಳಿದರು.

ಅವನ ಹೆಸರಿನಲ್ಲಿ ಒಂದು ಮಸೂದೆ ಬಂತು. ಮನೋರೋಗದ ವೈದ್ಯರಾಗಿ ಇಲಾಖೆಗೆ ಸೇರುವವರ ಓದಿನ ಸಾಲವನ್ನು ಸರ್ಕಾರ ತೀರಿಸಬೇಕು, ಆತ್ಮಹತ್ಯೆ ತಡೆಯುವ ಕಾರ್ಯಕ್ರಮಗಳನ್ನು ಹೊರಗಿನವರು ವರ್ಷವರ್ಷವೂ ಪರಿಶೀಲಿಸಬೇಕು ಎಂಬುದು ಅದರ ತಿರುಳು. ಖರ್ಚು 2 ಕೋಟಿ 20 ಲಕ್ಷ ಡಾಲರು. ಆದರೆ 2014ರ ಡಿಸೆಂಬರಿನಲ್ಲಿ ಸೆನೆಟ್ಟಿನ ಸದಸ್ಯ ಟಾಮ್ ಕೊಬರ್ನ್ ಒಬ್ಬರೇ ಅದನ್ನು ತಡೆದು ನಿಲ್ಲಿಸಿದರು. ಈ ಕೆಲಸಗಳು ಆಗಲೇ ನಡೆಯುತ್ತಿವೆ, ಮತ್ತೆ ಹಣವೇಕೆ ಎಂಬುದು ಅವರ ವಾದ. ಅವರು ಸ್ವತಃ ವೈದ್ಯರು! ಇಲ್ಲದ ಅಸ್ತ್ರಗಳನ್ನು ಹುಡುಕಲು ಇರಾಕಿಗೆ ಸೈನ್ಯ ಕಳಿಸಿದ ದೇಶಕ್ಕೆ ಈ ಹಣ ಯಾವ ಲೆಕ್ಕ? ಎರಡು ತಿಂಗಳಲ್ಲಿ, 2015ರ ಫೆಬ್ರುವರಿಯಲ್ಲಿ, ಅದೇ ಸೆನೆಟ್ಟು 99 ಮತಗಳಿಂದ, ಒಂದೂ ವಿರೋಧವಿಲ್ಲದೆ, ಮಸೂದೆಯನ್ನು ಒಪ್ಪಿತು.

ಇದಕ್ಕೂ ಮುಂಚೆ 2007ರಲ್ಲಿ ಜೋಷುವಾ ಆಮ್ವಿಗ್ ಹೆಸರಿನ ಶಾಸನ, ಆಮೇಲೆ 2020ರಲ್ಲಿ ಜಾನ್ ಸ್ಕಾಟ್ ಹ್ಯಾನನ್ ಹೆಸರಿನದು. ಇವರೂ ಸೈನಿಕರೇ, ಇವರೂ ಹೀಗೆಯೇ ಹೋದವರು. ಒಬ್ಬೊಬ್ಬನ ಹೆಣ ಬಿದ್ದ ಮೇಲೆ ಒಂದೊಂದು ಶಾಸನ.

2020ರಲ್ಲೇ ಆದ ಇನ್ನೊಂದು ಶಾಸನ ಮಾತ್ರ ನಮ್ಮ ಮಟ್ಟಿಗೆ ಇವೆಲ್ಲಕ್ಕಿಂತ ಮೇಲು. ಪ್ರಾಣ ಕಳೆದುಕೊಳ್ಳುವ ಸಂಕಟದಲ್ಲಿ ಬಂದ ಮಾಜಿ ಸೈನಿಕನಿಗೆ 30 ದಿನಗಳವರೆಗೆ ಆಸ್ಪತ್ರೆಯಲ್ಲಿಟ್ಟು, ಅನಂತರ 90 ದಿನಗಳವರೆಗೆ ಹೊರರೋಗಿಯಾಗಿ, ಪುಕ್ಕಟೆ ಚಿಕಿತ್ಸೆ ಕೊಡಬೇಕೆಂದು ಅದು ಹೇಳುತ್ತದೆ. ಇಲಾಖೆಯ ಪಟ್ಟಿಯಲ್ಲಿ ಹೆಸರಿರಲಿ, ಬಿಡಲಿ! 2023ರ ಜನವರಿಯಿಂದ ಇದು ಜಾರಿಯಲ್ಲಿದೆ. ಮೊದಲು ಚಿಕಿತ್ಸೆ, ಕಾಗದ ಆಮೇಲೆ. 2022ರಲ್ಲಿ ಆತ್ಮಹತ್ಯೆಗೆ ಬಲಿಯಾದ ಮಾಜಿ ಸೈನಿಕರು 6,407 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈಚೆಗೆ ಇಲಾಖೆಯ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಇಂಥವರಿಗೆ ನೂರಕ್ಕೆ ಮೂವತ್ತೋ ನೂರೋ ಎಂಬ ವಿಚಾರಣೆಯಿಂದ ಆಗುವುದೇನು? ಸಂಕಟದ ರಾತ್ರಿ ಕದ ತಟ್ಟಿದರೆ ತೆರೆಯಬೇಕು, ಅಷ್ಟೆ.

ತೆರೆಯುವವರು ಯಾರು ಎಂಬುದೇ ಈಗಿನ ಪ್ರಶ್ನೆ. 2025ರ ಜುಲೈಯಲ್ಲಿ ಆ ಇಲಾಖೆ ಸುಮಾರು 30,000 ನೌಕರರನ್ನು ಕಡಿಮೆ ಮಾಡುವುದಾಗಿ ಸಾರಿತು. ಬಿಟ್ಟುಹೋದವರ, ನಿವೃತ್ತರಾದವರ ಜಾಗ ತುಂಬುವುದಿಲ್ಲವಷ್ಟೆ, ಚಿಕಿತ್ಸೆಗೆ ಕೊರತೆಯಾಗದು ಎಂಬ ಸಮಾಧಾನವನ್ನೂ ಕೊಟ್ಟಿತು. ನಾಲ್ಕು ಮಗ್ಗಕ್ಕೆ ಒಬ್ಬನನ್ನು ನಿಲ್ಲಿಸಿ 'ಉತ್ಪಾದನೆ ತಗ್ಗದು' ಎನ್ನುವ ಧಣಿಯ ಮಾತು ಕೇಳಿ ಅಭ್ಯಾಸವಿರುವ ನಮಗೆ ಈ ಸಮಾಧಾನ ಹಿಡಿಸುವುದಿಲ್ಲ. ಆಸ್ಪತ್ರೆ ಆಸ್ಪತ್ರೆಗೂ ಮನೋವೈದ್ಯರೆಷ್ಟು, ದಾದಿಯರೆಷ್ಟು, ರೋಗಿ ಕಾಯಬೇಕಾದ ದಿನಗಳೆಷ್ಟು ಎಂಬುದನ್ನು ಅಲ್ಲಿಯ ಸರ್ಕಾರ ತಿಂಗಳಿಗೊಮ್ಮೆ ಪ್ರಕಟಿಸಲಿ.