ಬೀದಿಯ ಸ್ವಚ್ಛತೆ: ಪೊರಕೆಯೊಂದೇ ಸಾಲದು, ಅರಿವೂ ಬೇಕು

ನಮ್ಮ ಊರುಗಳ ಬೀದಿಗಳ ಕುರಿತು ಎರಡು ಮಾತುಗಳು ಸದಾ ಕೇಳಿಬರುತ್ತವೆ. ಪುರಸಭೆಯವರು ಕಸ ಎತ್ತುವುದಿಲ್ಲವೆಂದು ಜನರು ದೂರುತ್ತಾರೆ. ಎಷ್ಟು ಎತ್ತಿದರೂ ಜನರು ಮತ್ತೆ ತಂದು ಸುರಿಯುತ್ತಾರೆಂದು ಪುರಸಭೆಯವರು ಹೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯವಿದೆ. ಆದರೆ ಇಬ್ಬರೂ ಪರಸ್ಪರ ಬೆರಳು ತೋರಿಸುತ್ತ ನಿಂತಿರುವಷ್ಟು ಕಾಲ ಕಸವು ಅಲ್ಲಿಯೇ ಬಿದ್ದಿರುತ್ತದೆ. ಬೀದಿ ಗುಡಿಸುವ ವ್ಯವಸ್ಥೆಯ ಸುಧಾರಣೆ ಮತ್ತು ಜನರಿಗೆ ಕಸದ ಕುರಿತು ನೀಡಬೇಕಾದ ಶಿಕ್ಷಣ, ಇವೆರಡನ್ನೂ ಒಂದೇ ಕೆಲಸದ ಎರಡು ಭಾಗಗಳೆಂದು ತಿಳಿಯದ ಹೊರತು ಪರಿಹಾರವಿಲ್ಲವೆಂಬುದು ನಮ್ಮ ಅಭಿಪ್ರಾಯ.

ನಮ್ಮ ಮನೆಯ ಬಾಗಿಲಿನಿಂದ ಹೊರಗೆ ಹೋದ ಕಸವು ಇಲ್ಲವಾಗುವುದಿಲ್ಲ. ಅದು ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಗ್ರಾಮಸ್ಥರು ದುರ್ವಾಸನೆಯನ್ನೂ ಕೆಟ್ಟ ನೀರನ್ನೂ ತಾಳಲಾರದೆ ಬೀದಿಗಿಳಿದು ಹೋರಾಡಬೇಕಾಯಿತು. 2014ರ ಕೊನೆಯಲ್ಲಿ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. 2019ರ ಆಗಸ್ಟ್‌ನ ಭಾರೀ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡವು ಕುಸಿದು ಮಂದಾರ ಪ್ರದೇಶದತ್ತ ಹರಿಯಿತು. ಮನೆಗಳು, ತೆಂಗು ಕಂಗಿನ ತೋಟಗಳು ಕಸದಡಿಯಲ್ಲಿ ಸಿಲುಕಿದವು. ತಲೆಮಾರುಗಳಿಂದ ಬಾಳಿ ಬದುಕಿದ ನೆಲವನ್ನು ತೊರೆದು ಹೋಗಬೇಕಾದ ಆ ಕುಟುಂಬಗಳು ಮಾಡಿದ ತಪ್ಪಾದರೂ ಏನು? ನಗರದ ಸಾವಿರಾರು ಅಡುಗೆಮನೆಗಳಲ್ಲಿ ಹಸಿ ಕಸವನ್ನೂ ಒಣ ಕಸವನ್ನೂ ಒಂದೇ ಚೀಲಕ್ಕೆ ತುಂಬಿದುದರ ಫಲವನ್ನು ಅವರು ಉಣ್ಣಬೇಕಾಯಿತು.

ಕಸವನ್ನು ಬೇರ್ಪಡಿಸುವುದರಲ್ಲಿ ಅಂಥದ್ದೇನಿದೆ ಎಂದು ಅನೇಕರು ಕೇಳುತ್ತಾರೆ. ತರಕಾರಿ ಸಿಪ್ಪೆ, ಉಳಿದ ಅನ್ನ, ಮೀನಿನ ಮುಳ್ಳು ಇವು ಪ್ರತ್ಯೇಕವಾಗಿದ್ದರೆ ಕೆಲವೇ ವಾರಗಳಲ್ಲಿ ಗೊಬ್ಬರವಾಗುತ್ತವೆ. ಕಾಗದ, ಬಾಟಲಿ, ತಗಡು ಇವು ಒಣಗಿದ್ದರೆ ಮರುಬಳಕೆಗೆ ಸಲ್ಲುತ್ತವೆ. ಎರಡೂ ಬೆರೆತರೆ ಎರಡೂ ಕೆಡುತ್ತವೆ. ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿದ ಅನ್ನವು ಗಾಳಿಯಿಲ್ಲದೆ ಕೊಳೆತು ಬೆಂಕಿ ಹತ್ತಿಕೊಳ್ಳುವ ಅನಿಲವನ್ನೂ, ಬಾವಿಯ ನೀರನ್ನು ಕೆಡಿಸುವ ಕಪ್ಪು ದ್ರವವನ್ನೂ ಬಿಡುತ್ತದೆ. ಆದುದರಿಂದಲೇ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರಾಗಿ ವಿಂಗಡಿಸುವ ಹೊಣೆಯನ್ನು ಕಸ ಉಂಟುಮಾಡುವವನ ಮೇಲೆಯೇ ಹೊರಿಸಿದವು. ಆದರೆ ಇಷ್ಟು ಸರಳವಾದ ಈ ವಿವರಣೆಯನ್ನು ನಮ್ಮ ಎಷ್ಟು ಮನೆಗಳಿಗೆ ಯಾರಾದರೂ ಬಂದು ಹೇಳಿದ್ದಾರೆ?

ಸ್ಥಳೀಯ ಸಂಸ್ಥೆಗಳು ಸುಧಾರಿಸಿಕೊಳ್ಳಬೇಕಾದುದು ಬಹಳಷ್ಟಿದೆ. ಕಸದ ಗಾಡಿಯು ಪ್ರತಿದಿನವೂ ನಿಗದಿತ ಸಮಯಕ್ಕೆ ಬರಬೇಕು. ಒಂದು ದಿನ ಆರು ಗಂಟೆಗೆ, ಮರುದಿನ ಹತ್ತು ಗಂಟೆಗೆ ಬಂದರೆ ಕೂಲಿಗೆ ಹೋಗುವ ಮನೆಯವರು ಕಸವನ್ನು ಯಾರ ಕೈಗೆ ಕೊಡಬೇಕು? ಅದು ಬೀದಿಯ ಮೂಲೆಯನ್ನೇ ಸೇರುತ್ತದೆ. ಗಾಡಿ ನುಗ್ಗಲಾಗದ ಇಕ್ಕಟ್ಟಿನ ಓಣಿಗಳಿಗೆ ತಳ್ಳುಗಾಡಿ ಹೋಗಬೇಕು. ಬೇರ್ಪಡಿಸಿ ಕೊಟ್ಟ ಕಸವನ್ನು ನಮ್ಮ ಕಣ್ಣೆದುರೇ ಒಂದೇ ಗಾಡಿಯಲ್ಲಿ ಬೆರೆಸಿದರೆ ಮರುದಿನದಿಂದ ಯಾರೂ ಬೇರ್ಪಡಿಸುವುದಿಲ್ಲ. ಜನರ ನಂಬಿಕೆಯನ್ನು ಇಷ್ಟು ಬೇಗ ಕೆಡಿಸುವ ಕೆಲಸ ಮತ್ತೊಂದಿಲ್ಲ. ಚರಂಡಿಯಿಂದ ಎತ್ತಿದ ಹೂಳನ್ನು ಅದರ ದಡದಲ್ಲಿಯೇ ರಾಶಿ ಹಾಕಿ ಹೋದರೆ ಮೊದಲ ಮಳೆಗೇ ಅದು ಮತ್ತೆ ಚರಂಡಿಗಿಳಿಯುತ್ತದೆ. ಅಂದೇ ಸಾಗಿಸುವ ವ್ಯವಸ್ಥೆ ಬೇಕು.

ಬೀದಿ ಗುಡಿಸುವವರ ಸಂಖ್ಯೆಯೂ ಮುಖ್ಯವೇ. 700 ಜನರಿಗೆ ಒಬ್ಬ ಪೌರಕಾರ್ಮಿಕನೆಂಬ ಲೆಕ್ಕವು ನಮ್ಮ ರಾಜ್ಯದಲ್ಲಿ ಬಳಕೆಯಲ್ಲಿದೆ. ನಮ್ಮ ವಾರ್ಡಿನಲ್ಲಿ ಆ ಲೆಕ್ಕ ಪೂರ್ಣವಾಗಿದೆಯೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ. ಕೈಗವಸು, ಪಾದರಕ್ಷೆ, ಕುಡಿಯುವ ನೀರು, ಶೌಚಾಲಯ, ಸಕಾಲದ ಸಂಬಳ ಇವುಗಳಿಲ್ಲದ ಕಾರ್ಮಿಕರಿಂದ ಹೊಳೆಯುವ ಬೀದಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಸೇವೆಯ ಕಾಯಮಾತಿಗಾಗಿ ಹೋರಾಡಿದಾಗ, ಅವರಿಲ್ಲದ ನಾಲ್ಕು ದಿನಗಳಲ್ಲಿ ನಗರಗಳ ಸ್ಥಿತಿ ಏನಾಗುತ್ತದೆಂಬುದನ್ನು ಎಲ್ಲರೂ ಕಂಡರು.

ಇನ್ನು ಶಿಕ್ಷಣದ ಮಾತು. ಗಾಡಿಯ ಮೇಲಿನ ಧ್ವನಿವರ್ಧಕದಲ್ಲಿ ಹಾಡು ಹಾಕುವುದು, ಗೋಡೆಯ ಮೇಲೆ ಘೋಷಣೆ ಬರೆಸುವುದು, ಅಕ್ಟೋಬರ್ 2ರಂದು ಪೊರಕೆ ಹಿಡಿದು ಚಿತ್ರ ತೆಗೆಸಿಕೊಳ್ಳುವುದು ಶಿಕ್ಷಣವಲ್ಲ. ಪಾಠವೆಂದರೆ ಏನೆಂಬುದು ಅಧ್ಯಾಪಕರಾದ ನಮಗೆ ಗೊತ್ತಿದೆ. ಒಮ್ಮೆ ಹೇಳಿದ ಮಾತ್ರಕ್ಕೆ ಯಾವ ಮಗುವೂ ಅಕ್ಷರ ಕಲಿಯುವುದಿಲ್ಲ. ತೋರಿಸಬೇಕು, ಮಾಡಿಸಬೇಕು, ತಿದ್ದಬೇಕು, ಮರುದಿನ ಮತ್ತೆ ಕೇಳಬೇಕು. ಮನೆಮನೆಗೆ ಹೋಗಿ, ಆ ಮನೆಯವರ ಭಾಷೆಯಲ್ಲಿ, ಅವರ ಕಸದ ಬುಟ್ಟಿಯನ್ನೇ ಮುಂದಿಟ್ಟುಕೊಂಡು ಹೇಳಿಕೊಡಬೇಕು. ಉರ್ದು, ಬ್ಯಾರಿ, ತುಳು, ಕೊಂಕಣಿ, ತಮಿಳು ಆಡುವ ಮನೆಗಳಿಗೆ ಕಚೇರಿಯ ಕನ್ನಡದ ಕರಪತ್ರವೊಂದು ಸಾಲದು. ಕುಂದಾಪುರ ಸೀಮೆಯ ವಂಡ್ಸೆಯಂಥ ಸಣ್ಣ ಗ್ರಾಮ ಪಂಚಾಯತಿಯೇ ಮನೆಗಳಿಂದ ಕಸವನ್ನು ಬೇರ್ಪಡಿಸಿ ಪಡೆದು, ಅದನ್ನು ಸಂಪನ್ಮೂಲವಾಗಿಸಿ ಹೆಸರು ಗಳಿಸಿರುವಾಗ, ಹೆಚ್ಚಿನ ಆದಾಯವೂ ಸಿಬ್ಬಂದಿಯೂ ಇರುವ ನಗರಸಭೆಗಳಿಗೆ ಅದು ಅಸಾಧ್ಯವೆನ್ನುವಂತಿಲ್ಲ.

ದಂಡವೂ ಬೇಕು. ಆದರೆ ದಂಡವು ಪಾಠದ ಅನಂತರ ಬರಬೇಕು, ಪಾಠದ ಬದಲಿಗೆ ಅಲ್ಲ. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ, ರಸ್ತೆಗೆ ಕಸ ಎಸೆದವರ ಮನೆಯ ಮುಂದೆಯೇ ಕಸ ಸುರಿಯುವ ಕ್ರಮವನ್ನು ಕೈಗೊಳ್ಳಲಾಯಿತು. ಅದನ್ನು ಕಂಡು ಹಲವರು ಚಪ್ಪಾಳೆ ತಟ್ಟಿದರು. ನಮಗೆ ಅದು ಸರಿಕಾಣುವುದಿಲ್ಲ. ಅವಮಾನಕ್ಕೊಳಗಾದವನು ಮುಂದೆ ಕತ್ತಲಲ್ಲಿ, ಇನ್ನೂ ದೂರ ಹೋಗಿ ಎಸೆಯಬಹುದೇ ಹೊರತು ಬೇರ್ಪಡಿಸಲು ಕಲಿಯುವುದಿಲ್ಲ. ಕಾನೂನಿನಂತೆ ದಂಡ ವಿಧಿಸಲಿ, ರಸೀದಿ ಕೊಡಲಿ. ಮಾನ ಕಳೆಯುವುದು ಆಡಳಿತದ ಕೆಲಸವಲ್ಲ.

ಮುಸ್ಲಿಮರಾದ ನಮಗಂತೂ ಇದು ಕೇವಲ ಪುರಸಭೆಯ ವಿಚಾರವಲ್ಲ. ದಾರಿಯಿಂದ ತೊಂದರೆದಾಯಕ ವಸ್ತುವನ್ನು ಸರಿಸುವುದನ್ನು ಪ್ರವಾದಿ ಮುಹಮ್ಮದ್(ಸ)ರು ಈಮಾನಿನ ಶಾಖೆಗಳಲ್ಲಿ ಒಂದೆಂದು ಎಣಿಸಿದರು, ಆ ಶಾಖೆಗಳಲ್ಲಿ ಅತ್ಯಂತ ಕೆಳಗಿನದೆಂದೂ ತಿಳಿಸಿದರು. ಕೆಳಗಿನ ಮೆಟ್ಟಿಲೆಂದರೆ ಕಡೆಗಣಿಸಬಹುದಾದ ಮೆಟ್ಟಿಲಲ್ಲ, ಎಲ್ಲರೂ ಏರಲೇಬೇಕಾದ ಮೆಟ್ಟಿಲು. ಜನರು ನಡೆಯುವ ದಾರಿಯನ್ನೂ ಅವರು ತಂಗುವ ನೆರಳನ್ನೂ ಹೊಲಸು ಮಾಡುವುದರ ವಿರುದ್ಧ ಅವರು ಕಠಿಣವಾಗಿ ಎಚ್ಚರಿಸಿದ್ದರು. ದಿನಕ್ಕೆ ಐದು ಬಾರಿ ವುಝೂ ಮಾಡಿ ನಮಾಝಿಗೆ ನಿಲ್ಲುವ ಸಮುದಾಯದ ಮೊಹಲ್ಲಾದಲ್ಲಿ ಮಸೀದಿಯ ಒಳಗು ಶುಭ್ರವಾಗಿದ್ದು ಹೊರಗಿನ ಚರಂಡಿಯು ಚಹಾದ ಕಾಗದದ ಲೋಟಗಳಿಂದ ತುಂಬಿದ್ದರೆ, ಆ ಶುದ್ಧಿಯ ಪಾಠವು ಬಾಗಿಲಲ್ಲಿಯೇ ನಿಂತಿತೆಂದೇ ಅರ್ಥ.

ಮದೀನದ ಮಸೀದಿಯನ್ನು ಗುಡಿಸುತ್ತಿದ್ದ ಕಪ್ಪು ವರ್ಣದ ಮಹಿಳೆಯೊಬ್ಬರ ಪ್ರಸಂಗವು ಹದೀಸ್ ಗ್ರಂಥಗಳಲ್ಲಿದೆ. ಆಕೆ ಕಾಣದಿದ್ದಾಗ ಪ್ರವಾದಿ(ಸ)ರು ವಿಚಾರಿಸಿದರು. ಆಕೆ ತೀರಿಹೋದ ಸುದ್ದಿಯನ್ನು ತಮಗೆ ತಿಳಿಸದಿದ್ದುದನ್ನು ಆಕ್ಷೇಪಿಸಿ, ಆಕೆಯ ಗೋರಿ ಎಲ್ಲಿದೆಯೆಂದು ಕೇಳಿ ಅಲ್ಲಿಗೆ ಹೋಗಿ ಪ್ರಾರ್ಥಿಸಿದರು. ನಮ್ಮ ಬೀದಿಯನ್ನು ಮುಂಜಾನೆ ಗುಡಿಸುವ ಹೆಣ್ಣುಮಗಳ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಆಕೆ ನೀರು ಕೇಳಿದರೆ ಪ್ರತ್ಯೇಕ ಲೋಟ ಹುಡುಕುವ ಮನೆಗಳು ಈ ಪ್ರಸಂಗವನ್ನು ಇನ್ನೊಮ್ಮೆ ಓದಬೇಕಾಗಿದೆ.

ಆದುದರಿಂದ ಜಮಾಅತ್ ಸಮಿತಿಗಳ ಮುಂದೆ ಕೆಲವು ಕೆಲಸಗಳನ್ನು ಇಡಬಯಸುತ್ತೇವೆ. ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭವನ್ನು ಪರವಾನಗಿಯಿಲ್ಲದ ಸ್ಥಳದಲ್ಲಿ ನಡೆಸುವವರು ಮೂರು ಕೆಲಸದ ದಿನ ಮುಂಚಿತವಾಗಿ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸವನ್ನು ಅಲ್ಲಿಯೇ ಬೇರ್ಪಡಿಸಬೇಕೆಂದು 2016ರ ನಿಯಮಗಳು ವಿಧಿಸಿದವು. ನಿಕಾಹ್ ನೋಂದಾಯಿಸಲು ಬರುವ ಕುಟುಂಬಕ್ಕೆ ವಲೀಮಾದ ಕಸದ ವ್ಯವಸ್ಥೆಯೇನೆಂದು ಸಮಿತಿಯು ಅಲ್ಲಿಯೇ ಕೇಳಲಿ. ಬಕ್ರೀದಿಗೆ ಎರಡು ವಾರ ಮೊದಲೇ ಪುರಸಭೆಯ ಆರೋಗ್ಯ ನಿರೀಕ್ಷಕರೊಂದಿಗೆ ಕುಳಿತು, ಖುರ್ಬಾನಿಯ ತ್ಯಾಜ್ಯವನ್ನು ಯಾವ ಗಾಡಿ, ಯಾವ ಹೊತ್ತಿಗೆ ಒಯ್ಯುವುದೆಂದು ತೀರ್ಮಾನಿಸಲಿ. ಅಲ್ಲಾಹನಿಗೆ ಅರ್ಪಿಸಿದ ಕರ್ಮದ ಶೇಷವು ನೆರೆಯವನ ಮೂಗಿಗೆ ಹಿಂಸೆಯಾಗಬಾರದು. ರಮಝಾನಿನ ಇಫ್ತಾರಿನಲ್ಲಿ ಸ್ಟೀಲಿನ ಲೋಟ ತಟ್ಟೆಗಳಿರಲಿ. ಮದ್ರಸದಲ್ಲಿ ಶುದ್ಧಿಯ ಪಾಠ ಬಂದಾಗ ಮಕ್ಕಳಿಗೆ ಎರಡು ಬುಟ್ಟಿಗಳ ಬಳಕೆಯನ್ನೂ ಮಾಡಿ ತೋರಿಸಲಿ. ಮನೆಯಲ್ಲಿ ಇದು ಹೆಂಗಸರ ಕೆಲಸವೆಂದು ಗಂಡಸರು ಜಾರಿಕೊಳ್ಳದಿರಲಿ.

ತೆರಿಗೆ ಕಟ್ಟುತ್ತೇವೆ, ಉಪಕರವನ್ನೂ ಕಟ್ಟುತ್ತೇವೆ, ನಾವೇಕೆ ಇಷ್ಟೆಲ್ಲ ಮಾಡಬೇಕು ಎಂಬ ಆಕ್ಷೇಪವಿದೆ. ತೆರಿಗೆಯು ಕಸವನ್ನು ಸಾಗಿಸುವುದಕ್ಕಾಗಿ. ಎಸೆಯುವ ಹಕ್ಕನ್ನು ಅದು ಕೊಡುವುದಿಲ್ಲ. ನಮ್ಮ ಮೊಹಲ್ಲಾಗಳಿಗೆ ಗಾಡಿ ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ ಎಂಬ ಇನ್ನೊಂದು ದೂರಿದೆ. ಇದು ಹಲವು ಕಡೆ ನಿಜವೇ. ಗಾಡಿ ಬಾರದೆ ಕಸ ಬೀಳುತ್ತದೆ. ಬಿದ್ದ ಕಸವನ್ನು ಕಂಡವರು ಇವರಿರುವುದೇ ಹೀಗೆ ಎನ್ನುತ್ತಾರೆ. ಹಾಗೆ ಹೇಳಿದ ಮೇಲೆ ಗಾಡಿ ಕಳುಹಿಸುವ ಅಗತ್ಯವೂ ಯಾರಿಗೂ ಕಾಣುವುದಿಲ್ಲ. ಈ ಸುತ್ತನ್ನು ಮುರಿಯಲು ಗಾಡಿ ಬಾರದ ದಿನಗಳನ್ನು ಬರೆದಿಟ್ಟು, ಚಿತ್ರ ಸಹಿತ ಲಿಖಿತ ದೂರನ್ನು ಕೊಟ್ಟು ಸ್ವೀಕೃತಿ ಪಡೆಯಬೇಕು. ವಾರ್ಡ್ ಸಮಿತಿ ಇರುವಲ್ಲಿ ಸಭೆಗೆ ಹೋಗಿ ಮಾತನಾಡಬೇಕು. ತನ್ನ ಅಂಗಳವನ್ನು ಶುಚಿಯಾಗಿಟ್ಟುಕೊಂಡವನ ದೂರಿಗೆ ಕಚೇರಿಯಲ್ಲಿ ಹೆಚ್ಚು ತೂಕವಿರುತ್ತದೆ.

ಪುರಸಭೆಯು ತನ್ನ ಕೆಲಸವನ್ನು ಮಾಡಲೆಂದು ಗಟ್ಟಿಯಾಗಿ ಕೇಳೋಣ. ಕೇಳುವ ದಿನವೇ ನಮ್ಮ ಅಡುಗೆಮನೆಯಲ್ಲಿ ಎರಡನೆಯ ಬುಟ್ಟಿಯನ್ನೂ ಇಡೋಣ. ನೆರೆಯವರಿಗೂ ದಾರಿಹೋಕರಿಗೂ ನಮ್ಮಿಂದ ತೊಂದರೆಯಾಗದಂತೆ ಬಾಳುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.